18 ದಿನ ಮುಂಚೆ ಬಂದ ಕುರ್ಚಿಗಳು

ಆಫೀಸ್ ಇಂಟೀರಿಯರ್ ಕಂಪನಿಯಲ್ಲಿ ಪರ್ಚೇಸ್ ನೋಡಿಕೊಳ್ಳುವವನ ಕಿವಿಗೆ ದಿನಾ ಬೀಳುವ ಪ್ರಶ್ನೆ ಒಂದೇ: "ಮೆಟೀರಿಯಲ್ ಯಾವಾಗ ಬರುತ್ತೆ?" ತಡವಾದರೆ ಬೈಗುಳ. ಬೇಗ ಬಂದರೆ ಯಾರೂ ತುಟಿ ಬಿಚ್ಚುವುದಿಲ್ಲ. ಹಾಗಾಗಿ ಮೊದಲ ಕೆಲವು ವರ್ಷ ನಾನೂ ಆದಷ್ಟು ಎಲ್ಲವನ್ನೂ ಮುಂಚೆಯೇ ತರಿಸಿ ಸೈಟಿನಲ್ಲಿ ಪೇರಿಸಿ ನಿಶ್ಚಿಂತೆಯಿಂದ ಇರುತ್ತಿದ್ದೆ. ಬೆಂಗಳೂರಿನ ಔಟರ್ ರಿಂಗ್ ರೋಡಿನ ಒಂದು ಕೆಲಸ ಆ ಚಟ ಬಿಡಿಸಿತು.

ನಾಲ್ಕನೇ ಮಹಡಿ, ಜಾಲರಿ ಬಟ್ಟೆಯ 186 ಮೆಶ್ ಕುರ್ಚಿ. ನಮಗೆ ಬೇಕಿದ್ದದ್ದು ಏಪ್ರಿಲ್ 15ಕ್ಕೆ. ಮಾರ್ಚ್ 26ರ ಬೆಳಗ್ಗೆ ಸಪ್ಲೈಯರ್ ಕಡೆಯ ಸೇಲ್ಸ್‌ನವರ ಫೋನು. "ಸಾರ್, ಮಾಲು ರೆಡಿ. 31ರೊಳಗೆ ಬಿಲ್ ಆದ್ರೆ ನಮ್ದೂ ಟಾರ್ಗೆಟ್ ಆಗುತ್ತೆ. ಕಳಿಸ್ಬಿಡ್ಲಾ?" ನನಗೇನು ನಷ್ಟ ಅಂದುಕೊಂಡು "ಕಳಿಸಿ" ಅಂದೆ. ಈ ಕಥೆಯಲ್ಲಿ ನನ್ನ ತಪ್ಪು ಆ ಒಂದು ಪದ. ಉಳಿದದ್ದೆಲ್ಲ ಅದರ ಬಡ್ಡಿ.

ಟೆಕ್ ಪಾರ್ಕಿನೊಳಗೆ ಲಾರಿ ಬಿಡುವುದು ರಾತ್ರಿ 10ರ ಮೇಲೆ. 28ರ ರಾತ್ರಿ ಮಾಲು ಇಳಿಯಿತು. ನಾನು ಮನೆಯಲ್ಲಿದ್ದೆ, ಸೂಪರ್‌ವೈಸರ್ ಹುಡುಗ ಡಿಸಿ (ಮಾಲಿನ ಜೊತೆ ಬರುವ ಡೆಲಿವರಿ ಚಲನ್) ಮೇಲೆ "ಸುಸ್ಥಿತಿಯಲ್ಲಿ ತಲುಪಿದೆ" ಅಂತ ಸೀಲು ಒತ್ತಿ ಸಹಿ ಹಾಕಿದ. ಲಾರಿಯ ಜೊತೆ ಕುರ್ಚಿ ಜೋಡಿಸುವವರೂ ಬಂದಿದ್ದರು. ಅವರಿಗೆ ಕೂಲಿ ಕುರ್ಚಿಗಿಷ್ಟು ಅಂತ. ಪೆಟ್ಟಿಗೆಯಲ್ಲೇ ಬಿಟ್ಟು ಹೋದರೆ ಅವರ ಕೈಗೆ ಕಾಸಿಲ್ಲ. ಬೆಳಗ್ಗೆ ನಾನು ಹೋಗುವಷ್ಟರಲ್ಲಿ 186 ಕುರ್ಚಿಯೂ ಹಾಲ್‌ನಲ್ಲಿ ಸಾಲಾಗಿ ನಿಂತಿದ್ದವು. ರಟ್ಟಿನ ಪೆಟ್ಟಿಗೆಗಳು ಗುಜರಿಯವನ ಆಟೋ ಹತ್ತಿಯಾಗಿತ್ತು. ಮತ್ತೆ ತುಂಬಿಡೋಣ ಅಂದರೆ ಪೆಟ್ಟಿಗೆಯೇ ಇಲ್ಲ.

ತಲೆ ಮೇಲೆ ಜಿಪ್ಸಮ್ ಸೀಲಿಂಗ್. ಬೋರ್ಡುಗಳ ಜಾಯಿಂಟಿಗೆ ಪುಟ್ಟಿ ಹಾಕಿ ಒಣಗಿಸಿದ್ದರು, ಅವತ್ತಿನಿಂದ ಎಮರಿ ಪೇಪರ್ ಉಜ್ಜುವ ಕೆಲಸ. ಆ ಧೂಳು ಮೈದಾಹಿಟ್ಟಿಗಿಂತ ನಯ. ಪ್ಲಾಸ್ಟಿಕ್ ಹೊದಿಸಿದೆವು, ಎರಡು ದಿನಕ್ಕೆ ಅದನ್ನು ಪೇಂಟರ್‌ಗಳು ನೆಲಕ್ಕೆ ಹಾಸಿಕೊಂಡರು. ಊಟದ ಹೊತ್ತಿಗೆ ಎಲ್ಲರೂ ಕೂರುವುದು ಆ ಕುರ್ಚಿ ಮೇಲೇ. ಬೈಯಲು ಬಾಯಿ ಬರಲಿಲ್ಲ. ದಿನವಿಡೀ ಕತ್ತೆತ್ತಿ ಸೀಲಿಂಗ್ ಉಜ್ಜುವವನು ಎದುರಿಗೆ ಒಳ್ಳೆಯ ಕುರ್ಚಿ ಇಟ್ಟುಕೊಂಡು ನೆಲದ ಮೇಲೆ ಯಾಕೆ ಕೂರಬೇಕು? ಚಕ್ರಗಳಿಗೆ ಮರಳಿನ ಕಣ ಕಚ್ಚಿಕೊಂಡಿದ್ದು ಮಾತ್ರ ಆಮೇಲೆ ಗೊತ್ತಾಯಿತು, ಪ್ಯಾಂಟ್ರಿಯ ಹೊಸ ವಿನೈಲ್ ಫ್ಲೋರಿಂಗ್ ಮೇಲೆ ಗೀರು ಬಿದ್ದಾಗ.

ಹ್ಯಾಂಡೋವರ್‌ಗೆ ಮೂರು ದಿನ ಇದ್ದಾಗ ಹೌಸ್‌ಕೀಪಿಂಗ್‌ನವರಿಗೆ ಒದ್ದೆ ಬಟ್ಟೆ ಕೊಟ್ಟು ಒರೆಸಲು ಹೇಳಿದೆ. ಹಾಲ್‌ನ ಮೂಲೆಯಲ್ಲಿದ್ದ ಅಮ್ಮ ಒಬ್ಬರು ಒಂದು ಕುರ್ಚಿ ಒರೆಸಿ ನನ್ನನ್ನು ಕರೆದರು. "ನೋಡಿ ಸಾರ್, ಒದ್ದೆ ಮಾಡಿದ್ರೆ ಸುಣ್ಣದ ಥರ ಹಿಡ್ಕೊಳ್ತದೆ. ಒಣಗಿದ್ದಾಗ್ಲೇ ಹಿಂದ್ಗಡೆಯಿಂದ ಗಾಳಿ ಊದ್ಬೇಕು." ನಿಜ, ಕಪ್ಪು ಮೆಶ್‌ನ ಒಂದೊಂದು ಕಣ್ಣಲ್ಲೂ ಬಿಳಿ ಪೇಸ್ಟು ಕೂತಿತ್ತು. ಎರಡು ಬ್ಲೋವರ್ ಬಾಡಿಗೆಗೆ ತಂದು, ಕುರ್ಚಿಗಳನ್ನು ಲಿಫ್ಟ್ ಲಾಬಿಗೆ ಒಯ್ದು ಎರಡು ರಾತ್ರಿ ಊದಿದೆವು. ಆದರೂ 23 ಕುರ್ಚಿ ಸ್ನ್ಯಾಗ್ ಲಿಸ್ಟಿಗೆ, ಅಂದರೆ ಸರಿಪಡಿಸಬೇಕಾದ ಕುಂದುಗಳ ಪಟ್ಟಿಗೆ ಬಿದ್ದವು. ಸಪ್ಲೈಯರ್ ಡಿಸಿಯ ಫೋಟೋ ಕಳಿಸಿ ಸುಮ್ಮನಾದರು. ಅವರದ್ದು ತಪ್ಪಿಲ್ಲ.

ಇಷ್ಟು ಸಾಲದು ಅಂತ ಅಕೌಂಟ್ಸ್‌ನಿಂದ ಇನ್ನೊಂದು. ಆ ಸಪ್ಲೈಯರ್ ತಾವೇ ತಯಾರಿಸುವ, ಉದ್ಯಮ್ ನೋಂದಣಿ ಇರುವ ಸಣ್ಣ ಉದ್ದಿಮೆ. ಇಂಥ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಮಾಲು ತಲುಪಿದ 15 ದಿನದೊಳಗೆ ಲಿಖಿತವಾಗಿ ಆಕ್ಷೇಪಣೆ ಹಾಕದಿದ್ದರೆ ತಲುಪಿದ ದಿನವೇ ಒಪ್ಪಿಕೊಂಡ ಹಾಗೆ. ಒಪ್ಪಂದದಲ್ಲಿ ಎಷ್ಟೇ ದಿನ ಬರೆದುಕೊಂಡಿದ್ದರೂ ಅಲ್ಲಿಂದ 45 ದಿನದೊಳಗೆ ದುಡ್ಡು ಕೊಡಬೇಕು. 2023-24ರ ಹಣಕಾಸು ವರ್ಷದ ಲೆಕ್ಕದಿಂದ ಆದಾಯ ತೆರಿಗೆಯ ಬಿಸಿಯೂ ಸೇರಿದೆ, ಈ ಗಡುವು ಮೀರಿದ ಬಾಕಿಯನ್ನು ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚು ಅಂತ ತೋರಿಸಬಹುದು. ನಮಗೆ ಕ್ಲೈಂಟ್‌ನಿಂದ ದುಡ್ಡು ಬರುವುದೋ ಹ್ಯಾಂಡೋವರ್ ಆದ ಮೇಲೆ. ಅಂದರೆ 18 ದಿನ ಮುಂಚೆ ತರಿಸಿ, ನಮ್ಮ ಗಡಿಯಾರವನ್ನು ನಾವೇ 18 ದಿನ ಮುಂದೆ ತಿರುಗಿಸಿಕೊಂಡಿದ್ದೆವು. ಕುರ್ಚಿಯ ವಾರಂಟಿಯೂ ಬಿಲ್ ತಾರೀಖಿನಿಂದಲೇ ಶುರು.

ಈಗ ನನ್ನ ಪಿಒದಲ್ಲಿ (ಪರ್ಚೇಸ್ ಆರ್ಡರ್) ತಾರೀಖಿನ ಪಕ್ಕ ಒಂದು ಷರತ್ತು ಇರುತ್ತದೆ: "ಸೀಲಿಂಗ್ ಮುಗಿದು, ಪೇಂಟಿನ ಎರಡನೇ ಕೋಟ್ ಆಗಿ, ಸೈಟಿನಿಂದ ಮೇಲ್ ಬಂದ ಮೇಲೆ ಲಾರಿ ಹೊರಡಬೇಕು." ಸೈಟು ತಡವಾದರೆ ಸಪ್ಲೈಯರ್ ಗೋಡೌನ್‌ನಲ್ಲಿ 30 ದಿನ ಬಾಡಿಗೆಯಿಲ್ಲದೆ ಇಟ್ಟುಕೊಳ್ಳುವ ಮಾತನ್ನು ರೇಟು ಇಳಿಸುವ ಮೊದಲೇ ಆಡುತ್ತೇನೆ. ರೇಟು ಮುಗಿದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ಇದಕ್ಕಿಂತ ತಲೆ ತಿನ್ನುವುದು, ಬಿಒಕ್ಯುನಲ್ಲಿ (ಕೆಲಸಕ್ಕೆ ಬೇಕಾದ ಐಟಂ, ಪ್ರಮಾಣಗಳ ಪಟ್ಟಿ) ಒಂದೇ ಸಾಲಾಗಿ ಕಂಡು ಸೈಟಿಗೆ ಎರಡು ಸಲ ಬರಬೇಕಾದ ವಸ್ತುಗಳು. ಟಾಯ್ಲೆಟ್ಟಿನ ಕನ್ಸೀಲ್ಡ್ ಫ್ಲಶ್ ವಾಲ್ವ್ ತೆಗೆದುಕೊಳ್ಳಿ. ಗೋಡೆಯೊಳಗೆ ಕೂರುವ ಬಾಡಿ ಟೈಲ್ಸ್‌ಗಿಂತ ಮೊದಲು ಬೇಕು, ಹೊರಗೆ ಕಾಣುವ ಹೊಳೆಯುವ ಪ್ಲೇಟು ಕೊನೆಯ ವಾರಕ್ಕೆ ಸಾಕು. ಎರಡನ್ನೂ ಒಟ್ಟಿಗೆ ತರಿಸಿದರೆ ಪ್ಲೇಟು ಗೀರಾಗುತ್ತದೆ, ಇಲ್ಲವೇ ಮಾಯವಾಗುತ್ತದೆ. ಪ್ಲಗ್ ಪಾಯಿಂಟಿಗೆ ನೆಲದಲ್ಲಿ ಹೂಳುವ ಫ್ಲೋರ್ ಬಾಕ್ಸ್ ಕೂಡ ಹಾಗೇ: ಡಬ್ಬ ಸ್ಕ್ರೀಡ್ (ನೆಲ ಸಮ ಮಾಡುವ ಸಿಮೆಂಟ್ ಪದರ) ಹಾಕುವ ಮುಂಚೆ, ಮುಚ್ಚಳ ಕಾರ್ಪೆಟ್ ಆದ ಮೇಲೆ. ಆದ್ದರಿಂದ ಬಿಒಕ್ಯು ಕೈಗೆ ಬಂದ ಕೂಡಲೇ ಇಂಥ ಸಾಲುಗಳನ್ನು ಒಡೆದು ಎರಡು ಮಾಡುತ್ತೇನೆ. ಡಿಸೈನರ್‌ಗಳಿಗೆ ಇದು ಕಿರಿಕಿರಿ, ಐಟಂ ನಂಬರ್ ಕೆಡುತ್ತದೆ ಅಂತಾರೆ. ಕೆಡಲಿ ಬಿಡಿ.

ಪ್ಲೈವುಡ್ ಮೇಲೆ ಅಂಟಿಸುವ ಲ್ಯಾಮಿನೇಟ್ ಶೀಟಿನ ವಿಷಯದಲ್ಲಿ ಮಾತ್ರ ಇದೆಲ್ಲ ಉಲ್ಟಾ. ಅಲ್ಲಿ ಕಂತಿನಲ್ಲಿ ತರಿಸಿದವನು ಕೆಟ್ಟ. ಕೋಡ್ ನಂಬರ್ ಅದೇ ಇದ್ದರೂ ಬ್ಯಾಚ್ ಬೇರೆಯಾದರೆ ಛಾಯೆ ಒಂದು ಕೂದಲೆಳೆ ತಿರುಗಿರುತ್ತದೆ. ಅಂಗಡಿಯಲ್ಲಿ ಕಾಣುವುದಿಲ್ಲ, ಆಫೀಸಿನ ಲೈಟ್ ಹೊತ್ತಿಸಿ ಬೀರುವಿನ ಎರಡು ಶಟರ್ (ಬಾಗಿಲು) ಅಕ್ಕಪಕ್ಕ ನಿಲ್ಲಿಸಿದಾಗ ಎದ್ದು ಕಾಣುತ್ತದೆ. ಇದನ್ನು ಕಲಿತ ಕಥೆ ಬೇರೆ; 11 ಶೀಟ್ ಕಡಿಮೆ ಲೆಕ್ಕ ಹಾಕಿದ್ದೆ ಅಂತಷ್ಟೇ ಹೇಳುತ್ತೇನೆ.

ಈ ಮಾರ್ಚ್‌ನಲ್ಲೂ ಫೋನು ಬಂತು. ಸಪ್ಲೈಯರ್ ಬೇರೆ, ಮಾತು ಅದೇ: "31ರೊಳಗೆ ಬಿಲ್ ಆದ್ರೆ..." ನಾನು ಸೈಟಿನ ಸೀಲಿಂಗ್ ಫೋಟೋ ವಾಟ್ಸಾಪ್ ಮಾಡಿದೆ. ಬೋರ್ಡೇ ಇರಲಿಲ್ಲ, ಬರೀ ಚಾನೆಲ್ಲು, ನಡುವೆ ಜೋತು ಬಿದ್ದ ವೈರು. ಹತ್ತು ನಿಮಿಷ ಬಿಟ್ಟು ಉತ್ತರ ಬಂತು: "ಸಾರ್, ಅರ್ಧನಾದ್ರೂ?"