ಕಾಗದದ ಮೇಲೆ ನೇರವಾಗಿದ್ದ ಪಟ್ಟಿ

ಹವ್ಯಾಸಿಗಳು ತಾವೇ ಕಟ್ಟಿಕೊಂಡ ಸಣ್ಣ ವಿಮಾನಗಳಿಗೆ ಬಣ್ಣ ಹೊಡೆಯುವ ಕಾರ್ಯಾಗಾರದಲ್ಲಿ ನನಗೆ ಕೆಲಸ. ಬಣ್ಣದ ವಿನ್ಯಾಸವನ್ನು ಸಾಮಾನ್ಯವಾಗಿ ವಿಮಾನ ಕಟ್ಟಿದವರೇ ಬರೆದು ತರುತ್ತಾರೆ. ಅದನ್ನು ವಿಮಾನದ ಮೈಮೇಲೆ ಇಳಿಸುವುದು ನನ್ನ ಪಾಲಿನದು. ಅವರು ತರುವ ಚಿತ್ರ ಬಹುಪಾಲು ಒಂದೇ ಒಂದು ಪಕ್ಕನೋಟವಾಗಿರುತ್ತದೆ. ವಿಮಾನವನ್ನು ಹಾಗೆ, ಎಲ್ಲ ಭಾಗಗಳಿಗೂ ನೇರ ಎದುರಾಗಿ, ಯಾರೂ ಎಂದೂ ನೋಡುವುದಿಲ್ಲ ಎಂಬುದು ನನಗೆ ಅರ್ಥವಾದದ್ದು ಒಂದು ನೀಲಿ ಪಟ್ಟಿಯಿಂದ.

ಎರಡು ಆಸನದ, ಕೆಳರೆಕ್ಕೆಯ ಆ ವಿಮಾನಕ್ಕೆ ಮೂಗಿನಿಂದ ಬಾಲದವರೆಗೆ ಒಂದೇ ನೇರ ಪಟ್ಟಿ ಬೇಕಾಗಿತ್ತು. ವಿಮಾನವನ್ನು ಹಾರುವಾಗ ಇರುವಂತೆ ಮಟ್ಟಸವಾಗಿ ಎತ್ತಿ ನಿಲ್ಲಿಸಿ, ಲೇಸರ್ ಬೆಳಕಿನ ಗೆರೆಯ ಗುಂಟ 3 ಮಿ.ಮೀ. ಅಗಲದ ಟೇಪನ್ನು ಎಳೆದೆ. ಅಳತೆಯಲ್ಲಿ ಒಂದು ಕೂದಲೆಳೆಯ ತಪ್ಪೂ ಇರಲಿಲ್ಲ. ಬಣ್ಣ ಹೊಡೆದು, ಟೇಪ್ ಕಿತ್ತು, ಹತ್ತು ಹೆಜ್ಜೆ ಹಿಂದೆ ಸರಿದು ನೋಡಿದರೆ, ಪಟ್ಟಿ ನಡುವಿನಲ್ಲಿ ಬಟ್ಟೆ ಒಣಗಿಸುವ ಹಗ್ಗದಂತೆ ಜೋತುಬಿದ್ದಿತ್ತು. ಒಡಲು ಕುಳಿತುಕೊಳ್ಳುವ ಜಾಗದಲ್ಲಿ ಅಗಲವಾಗಿದ್ದು ಬಾಲದ ಕಡೆಗೆ ಕಿರಿದಾಗುತ್ತದೆ; ಪಟ್ಟಿಯು ನಿಂತವರ ಕಣ್ಣಿಗಿಂತ ಕೆಳಗಿದ್ದಾಗ, ನಮ್ಮ ಕಡೆಗೆ ಉಬ್ಬಿಕೊಂಡ ಭಾಗವು ಹತ್ತಿರವಾಗುವುದರಿಂದ ಇನ್ನಷ್ಟು ಕೆಳಗೆ ಕಾಣುತ್ತದೆ. ಲೇಸರ್ ಸುಳ್ಳು ಹೇಳಿರಲಿಲ್ಲ, ಆದರೆ ನೋಡುವವರ ಕೈಯಲ್ಲಿ ಲೇಸರ್ ಇರುವುದಿಲ್ಲ. ಪಟ್ಟಿಯನ್ನು ಉಜ್ಜಿ ತೆಗೆಯಲು ಮೂರು ದಿನ ಹಿಡಿಯಿತು. ಎರಡನೆಯ ಸಲ ಬಣ್ಣ ಮುಟ್ಟುವ ಮೊದಲು ಟೇಪನ್ನಷ್ಟೇ ಅಂಟಿಸಿ, ಸುತ್ತ ನಡೆದು, ಕುಳಿತು, ನಿಂತು ನೋಡಿ, ನಡುಭಾಗವನ್ನು ಸ್ವಲ್ಪಸ್ವಲ್ಪವೇ ಮೇಲೆತ್ತುತ್ತ ಹೋದೆವು. 22 ಮಿ.ಮೀ. ಎತ್ತಿದಾಗ ಅದು ನೇರವಾಯಿತು.

ಬಾಲದ ಕೆಳಗೆ ಚಿಕ್ಕ ಚಕ್ರವಿರುವ ವಿಮಾನಗಳಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಅವು ನೆಲದ ಮೇಲೆ ಮೂಗೆತ್ತಿ ನಿಲ್ಲುವುದರಿಂದ, ಹಾರಾಟದಲ್ಲಿ ಮಟ್ಟಸವಾಗಿರುವ ಪಟ್ಟಿ ನಿಂತಾಗ ಬಾಲದ ಕಡೆಗೆ ಇಳಿಜಾರಾಗಿ ಕಾಣುತ್ತದೆ. ವಿಮಾನವನ್ನು ಜನರು ನೋಡುವುದು ಹೆಚ್ಚಾಗಿ ನಿಂತಾಗಲೇ ಆದ್ದರಿಂದ, ಯಾವ ಭಂಗಿಗೆ ಚಿತ್ರ ಬರೆಯುತ್ತೀರಿ ಎಂದು ಈಗ ಮೊದಲೇ ಕೇಳುತ್ತೇನೆ.

ನೋಂದಣಿ ಅಕ್ಷರಗಳ ವಿಷಯದಲ್ಲಿ ಚಿತ್ರಗಳು ಇನ್ನೂ ಉದಾಸೀನವಾಗಿರುತ್ತವೆ. ವಿನ್ಯಾಸವೆಲ್ಲ ಮುಗಿದ ಮೇಲೆ ಉಳಿದ ಮೂಲೆಯಲ್ಲಿ ಅವನ್ನು ತುರುಕಿರುತ್ತಾರೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಏಳನೆಯ ಅನುಬಂಧದ ಪ್ರಕಾರ ಒಡಲಿನ ಮೇಲಿನ ಅಕ್ಷರದ ಎತ್ತರ ಕನಿಷ್ಠ 30 ಸೆಂ.ಮೀ. ಇರಬೇಕು, ಅಗಲ ಎತ್ತರದ ಮೂರನೇ ಎರಡು ಭಾಗ, ಗೆರೆಯ ದಪ್ಪ ಆರನೇ ಒಂದು ಭಾಗ. ಐದು ಅಕ್ಷರ ಮತ್ತು ನಡುವಿನ ಅಡ್ಡಗೆರೆಯನ್ನು ಅಂತರಸಹಿತ ಕೂಡಿಸಿದರೆ ಸುಮಾರು 145 ಸೆಂ.ಮೀ. ಬೇಕಾಗುತ್ತದೆ, ಅದೂ ಹಿನ್ನೆಲೆಯಿಂದ ಎದ್ದು ಕಾಣುವಂತೆ. ಚಿಕ್ಕ ಅಕ್ಷರಗಳಿಗೆ ಅವಕಾಶವಿರುವ ದೇಶಗಳೂ ಇವೆ. ಆಯಾ ದೇಶದ ನಿಯಮ ನೋಡಿಕೊಂಡು ಆ ಜಾಗವನ್ನು ಮೊದಲು ಬಿಟ್ಟು, ಉಳಿದದ್ದರಲ್ಲಿ ವಿನ್ಯಾಸ ಮಾಡುವುದೇ ಸರಿ.

ಬಣ್ಣದ ಆಯ್ಕೆಯಲ್ಲಿ ನಾನು ಹಟ ಹಿಡಿಯುವುದು ಫೈಬರ್ ಗ್ಲಾಸ್ ಮತ್ತು ಎಪಾಕ್ಸಿ ಎಂಬ ಅಂಟಿನಿಂದ ಕಟ್ಟಿದ ವಿಮಾನಗಳಲ್ಲಿ. ವಿಮಾನ ವಿನ್ಯಾಸಕ ಬರ್ಟ್ ರುಟಾನ್ ಅವರು 1970ರ ದಶಕದಲ್ಲಿ ರೂಪಿಸಿದ ವೇರಿ ಈಜಿ, ಲಾಂಗ್ ಈಜಿಯಂಥ ವಿಮಾನಗಳು ಬೆಳ್ಳಗಿರುವುದು ಅಂದಕ್ಕಾಗಿ ಅಲ್ಲ. ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾಗುವ ಎಪಾಕ್ಸಿ ಹೆಚ್ಚು ಬಿಸಿಯಾದರೆ ಮೆದುವಾಗಿ ಬಲ ಕಳೆದುಕೊಳ್ಳುತ್ತದೆ, ಬಿಸಿಲಿನಲ್ಲಿ ನಿಂತ ಗಾಢ ಬಣ್ಣದ ಮೇಲ್ಮೈ ಬಿಳಿಯದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ರೆಕ್ಕೆಯ ಮೇಲ್ಭಾಗವನ್ನು ಕಡುಗೆಂಪು ಮಾಡಬೇಕೆಂದು ಕೇಳಿದವರನ್ನು ನಾನು ವಾಪಸು ಕಳಿಸಿದ್ದೇನೆ.

ಮೆಟಾಲಿಕ್ ಬಣ್ಣದ ಬಗ್ಗೆ ಒಂದೇ ಮಾತು: ಬಾಲದಿಂದ ಕಳಚಿದ ಎಲಿವೇಟರನ್ನು (ಮೂಗನ್ನು ಏರಿಸಿ ಇಳಿಸುವ ಫಲಕವನ್ನು) ಮೇಜಿನ ಮೇಲೆ ಮಲಗಿಸಿ, ಒಡಲನ್ನು ನಿಂತಂತೆಯೇ ಬಿಟ್ಟು, ಒಂದೇ ಡಬ್ಬಿಯ ಬಣ್ಣ ಹೊಡೆದರೂ ಲೋಹದ ಹುಡಿ ಎರಡು ಕಡೆ ಬೇರೆಬೇರೆಯಾಗಿ ಕೂರುತ್ತದೆ. ಜೋಡಿಸಿದಾಗ ಅವು ಎರಡು ಬಣ್ಣಗಳೇ ಆಗಿಬಿಟ್ಟಿರಬಹುದು.

ಒಡಲಿನ ಪಕ್ಕದಲ್ಲಿ ಹೊರಗಿನ ಗಾಳಿಯ ಒತ್ತಡವನ್ನು ಅಳೆಯಲು ಬಿಟ್ಟಿರುವ ಸಣ್ಣ ರಂಧ್ರವನ್ನು ಯಾವ ಚಿತ್ರವೂ ತೋರಿಸುವುದಿಲ್ಲ. ಪಟ್ಟಿಯ ಅಂಚಿನಲ್ಲಿ ಉಳಿಯುವ ಏಣು ಅದರ ಪಕ್ಕದಲ್ಲೇ ಹಾದರೆ ಎತ್ತರದ ಮತ್ತು ವೇಗದ ಮಾಪಕಗಳೆರಡೂ ತಪ್ಪು ತೋರಿಸಬಹುದು. ಬಣ್ಣ ಹೊಡೆಯುವಾಗ ಅದನ್ನು ಮುಚ್ಚಲು ನಾನು ಬಳಸುವುದು ಉದ್ದ ಬಾಲ ಬಿಟ್ಟ ಕಿತ್ತಳೆ ಬಣ್ಣದ ಟೇಪು. 1996ರಲ್ಲಿ ಪೆರುವಿನ ಲಿಮಾದಿಂದ ಹೊರಟ ಬೋಯಿಂಗ್ 757 ಒಂದರಲ್ಲಿ, ತೊಳೆಯುವಾಗ ಈ ರಂಧ್ರಗಳಿಗೆ ಅಂಟಿಸಿದ್ದ ಟೇಪನ್ನು ಕೀಳದೆ ಬಿಟ್ಟ ಕಾರಣ ವಿಮಾನ ಸಮುದ್ರಕ್ಕೆ ಬಿದ್ದು 70 ಜನ ಸತ್ತರು.

ಇನ್ನು ತೂಕ. ಎರಡು ಆಸನದ ಲೋಹದ ವಿಮಾನಕ್ಕೆ ಪ್ರೈಮರ್‌ನಿಂದ ಹಿಡಿದು ಮೇಲಿನ ಹೊಳಪಿನವರೆಗೆ ಸಾಮಾನ್ಯವಾಗಿ 7ರಿಂದ 11 ಕಿಲೋ ಬಣ್ಣ ಕೂರುತ್ತದೆ. ಆದ್ದರಿಂದ ಬಣ್ಣವಾದ ಮೇಲೆ ವಿಮಾನವನ್ನು ಮತ್ತೆ ತೂಗಿ, ಗುರುತ್ವ ಕೇಂದ್ರವನ್ನು ಹೊಸದಾಗಿ ಲೆಕ್ಕ ಹಾಕಬೇಕು. ಒಡಲಿನ ತೂಕಕ್ಕಿಂತ ನನಗೆ ಹೆಚ್ಚು ಕಳವಳ, ಕೀಲಿನ ಮೇಲೆ ಆಡಿ ವಿಮಾನವನ್ನು ತಿರುಗಿಸುವ ಫಲಕಗಳಾದ ರೆಕ್ಕೆಯ ಹಿಂದಂಚಿನ ಏಲೆರಾನ್, ಬಾಲದ ರಡರ್, ಎಲಿವೇಟರ್‌ಗಳದ್ದು. ಹಲವು ವಿಮಾನಗಳಲ್ಲಿ ಇವುಗಳ ತೂಕವನ್ನು ಕೀಲಿನ ಎರಡೂ ಬದಿಗೆ ಸಮವಾಗಿ ಹೊಂದಿಸಿರುತ್ತಾರೆ. ಬಣ್ಣವು ಬಹುಪಾಲು ಕೀಲಿನ ಹಿಂದೆ ಕೂರುವುದರಿಂದ ಹಿಂಬದಿ ಭಾರವಾಗಿ, ಒಂದು ವೇಗ ದಾಟಿದ ಮೇಲೆ ಆ ಭಾಗ ತಾನಾಗಿ ಪಟಪಟನೆ ಬಡಿದುಕೊಳ್ಳತೊಡಗಬಹುದು. ಆ ಬಡಿತ ಶುರುವಾದರೆ ಕೆಲವೇ ಕ್ಷಣಗಳಲ್ಲಿ ಭಾಗ ಮುರಿದುಹೋದೀತು.

ಅದೇ ನೀಲಿ ಪಟ್ಟಿಯ ವಿಮಾನದಲ್ಲಿ ಪಟ್ಟಿಯ ಒಂದು ಕವಲು ರೆಕ್ಕೆಯ ಮೇಲೆ ಹರಿದು ಏಲೆರಾನನ್ನು ದಾಟುತ್ತಿತ್ತು. ಕೆಳಗೆ ಬಿಳಿ, ಮೇಲೆ ನೀಲಿ, ಎಲ್ಲದರ ಮೇಲೆ ಪಾರದರ್ಶಕ ಹೊಳಪು ಹೊಡೆದು, ಏಲೆರಾನನ್ನು ಅದರ ಕೀಲುಗಳ ಮೇಲೆ ತೂಗುಹಾಕಿ ಕೈ ಬಿಟ್ಟಾಗ, ಹಿಂದಿನ ಅಂಚು ನಿಧಾನವಾಗಿ ಕೆಳಗೆ ವಾಲಿ ನಿಂತಿತು. ಮುಂದೆ ಸೀಸ ಸೇರಿಸಬಹುದಿತ್ತು, ಆದರೆ ಬಣ್ಣದ ತೂಕಕ್ಕೆ ಸೀಸದ ತೂಕ ಕೂಡಿಸುವುದು ನನಗೂ ವಿಮಾನದ ಯಜಮಾನರಿಗೂ ಒಪ್ಪಿಗೆಯಾಗಲಿಲ್ಲ. ಎಲ್ಲವನ್ನೂ ಕೆರೆದು ತೆಳುವಾಗಿ ಬಿಳಿಯನ್ನಷ್ಟೇ ಹೊಡೆದೆವು. ಈಗ ಪಟ್ಟಿ ಏಲೆರಾನಿನ ಸಂದಿಯ ಬಳಿ ಬಂದು ಅಲ್ಲೇ ನಿಲ್ಲುತ್ತದೆ. ನೋಡಿದವರು ಅದನ್ನು ಬೇಕೆಂದೇ ಮಾಡಿದ ವಿನ್ಯಾಸವೆಂದು ಹೊಗಳುತ್ತಾರೆ, ವಿಮಾನದ ಯಜಮಾನರು ಸುಮ್ಮನೆ ತಲೆಯಾಡಿಸುತ್ತಾರೆ.