ಯುದ್ಧಕಾಲದಲ್ಲಿ ಔಷಧ ತಲುಪುವ ದಾರಿ

ಯುದ್ಧವೆಂದೊಡನೆ ನಮ್ಮ ಗಮನ ಗಾಯಾಳುಗಳತ್ತ ಹರಿಯುವುದು ಸಹಜವಾದರೂ, ಔಷಧ ಪೂರೈಕೆ ಕಡಿದುಬಿದ್ದಾಗ ಮಧುಮೇಹ, ಕ್ಷಯ, ಮೂತ್ರಪಿಂಡದ ಕಾಯಿಲೆ ಇರುವವರು ಸದ್ದಿಲ್ಲದೆ ಸಾಯುತ್ತಾರೆ. ಇನ್ಸುಲಿನ್ನನ್ನೇ ನೋಡಿ: ತೆರೆಯದ ಬಾಟಲಿಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು, ತಪಾಸಣಾ ಠಾಣೆಯ ಬಳಿ ಬಿಸಿಲಿನಲ್ಲಿ ದಿನಗಟ್ಟಲೆ ನಿಂತ ಲಾರಿಯೊಳಗೆ ಅದು ಸತ್ವ ಕಳೆದುಕೊಂಡರೂ ಎಷ್ಟೋ ಸಲ ಕಣ್ಣಿಗೆ ವ್ಯತ್ಯಾಸವೇ ಕಾಣದು. ಹೆಪ್ಪುಗಟ್ಟಿದ್ದನ್ನಂತೂ ಎಸೆಯಲೇಬೇಕು.

1949ರ ನಾಲ್ಕನೆಯ ಜಿನೀವಾ ಒಪ್ಪಂದದ 23ನೆಯ ವಿಧಿಯು, ಶತ್ರುಪಕ್ಷದ ನಾಗರಿಕರಿಗಾಗಿ ಸಾಗುವ ಔಷಧಕ್ಕೂ ದಾರಿ ಬಿಡಬೇಕೆನ್ನುತ್ತದೆ. ಆದರೆ ಸಾಮಗ್ರಿ ಬೇರೆಡೆಗೆ ತಿರುಗೀತೆಂಬ ಗಂಭೀರ ಶಂಕೆಯಿದ್ದರೆ ತಡೆಯಲು ಅದೇ ವಿಧಿ ಅವಕಾಶವನ್ನೂ ಕೊಡುತ್ತದೆ. (ವಿಳಂಬಗಳು ನುಸುಳುವುದು ಈ ಕಿಂಡಿಯಿಂದಲೇ ಎಂಬುದು ನನ್ನ ಗುಮಾನಿ.)

ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಬಳಸುವ ತುರ್ತು ಆರೋಗ್ಯ ಕಿಟ್ 10,000 ಜನರಿಗೆ 3 ತಿಂಗಳು ಸಾಲುವಂತೆ ರೂಪುಗೊಂಡಿದೆ. ಆರಂಭಕ್ಕೆ ಅದು ಸರಿಯೇ. ಯುದ್ಧ ವರ್ಷಗಟ್ಟಲೆ ಎಳೆದಾಗ ಮಾತ್ರ, ಯಾವ ಆಸ್ಪತ್ರೆಯಲ್ಲಿ ಯಾವ ಔಷಧ ಎಷ್ಟು ದಿನಕ್ಕೆ ಉಳಿದಿದೆಯೆಂಬ ನಿತ್ಯದ ಲೆಕ್ಕ, ಒಂದೇ ಗೋದಾಮನ್ನು ನೆಚ್ಚದೆ ಹಲವೆಡೆ ಚದುರಿಸಿಟ್ಟ ದಾಸ್ತಾನು ಇವೆರಡೂ ಇಲ್ಲದೆ ಯಾವ ಕಿಟ್ಟೂ ಸಾಲದು. ಕೊರತೆ ಬಿದ್ದಾಗ ಯಾರಿಗೆ ಮೊದಲು ಎಂಬುದನ್ನು ರೋಗದ ತೀವ್ರತೆ ನೋಡಿ ವೈದ್ಯರೇ ನಿರ್ಧರಿಸಬೇಕು. ಆ ಪಟ್ಟಿ ದಂಡನಾಯಕರ ಕೈಗೆ ಹೋಗಬಾರದು.