ನೀರ ಮೇಲಿನ ಮನೆ

ಕಾಸರಗೋಡಿನ ವಲಿಯಪರಂಬ ಹಿನ್ನೀರಿನಲ್ಲಿ ಕಟ್ಟಿ ನಿಲ್ಲಿಸಿದ ಹಳೆಯ ಕೆಟ್ಟುವಳ್ಳ ಎಂಬ ಮರದ ದೋಣಿಯೇ ಈಗ ನಮ್ಮ ಮನೆ. ಒಂದು ಕಾಲದಲ್ಲಿ ಇಂಥ ದೋಣಿಗಳು ಅಕ್ಕಿ ಮೂಟೆ ಸಾಗಿಸುತ್ತಿದ್ದವು. ಹೆಬ್ಬಲಸಿನ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಹಲಗೆ ಜೋಡಿಸಲು ಮೊಳೆಯೇ ಇಲ್ಲ! ಆ ಹೊಲಿಗೆಯ ಮೇಲೆ ಬೆರಳಾಡಿಸಿದಾಗಲೆಲ್ಲ ಕಟ್ಟಿದವರಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಕಷ್ಟ ಇಲ್ಲವೆಂದಲ್ಲ. ಆಟಿ ತಿಂಗಳ ಮಳೆಗೆ ಬಟ್ಟೆ ಒಣಗುವುದೇ ಇಲ್ಲ, ಹಪ್ಪಳಕ್ಕೂ ಬೂಸ್ಟು. ಬೆಳಿಗ್ಗೆ ಎದ್ದ ಕೂಡಲೇ ತಳದಲ್ಲಿ ಜಿನುಗಿದ ನೀರನ್ನು ಎತ್ತಿ ಹೊರಚೆಲ್ಲಬೇಕು, ಚಹಾ ಆಮೇಲೆ. ಬೇಸಿಗೆಯಲ್ಲಿ ಸುತ್ತಲಿನ ನೀರೆಲ್ಲ ಉಪ್ಪು. ಕುಡಿಯುವ ನೀರನ್ನು ದಡದಿಂದಲೇ ಹೊತ್ತು ತರಬೇಕು.

ಆದರೂ ಕಡಲಿನ ಭರತ (ಉಬ್ಬರ) ಏರುವಾಗ ಇಡೀ ಮನೆ ಮೆಲ್ಲಗೆ ಮೇಲೇಳುತ್ತದಲ್ವಾ, ಆ ಸುಖ ಬೇರೆಯೇ. ಅನ್ನದ ಪಾತ್ರೆಯೊಳಗಿನ ಸೌಟು ಕೂಡ ಸಣ್ಣಗೆ ಸದ್ದು ಮಾಡುತ್ತದೆ. ಪಕ್ಕದಲ್ಲಿ ನೀರಿಗೆ ಇಳಿಬಿಟ್ಟ ಹಗ್ಗಗಳಲ್ಲಿ ಪಚ್ಚಿಲೆ ಎಂಬ ತಿನ್ನುವ ಚಿಪ್ಪುಜೀವಿ ಬೆಳೆಯುತ್ತಾರೆ. ಮಳೆಯ ಸಿಹಿನೀರು ಸೇರಿದರೆ ಅವು ಸಾಯುತ್ತವೆ, ಅದಕ್ಕೇ ಮಳೆಗಾಲಕ್ಕೆ ಮೊದಲೇ ಕೊಯ್ಲು. ಆಗ ನಮಗೂ ಒಂದು ಪಾಲು ಸಿಗುತ್ತದೆ.

ನನಗೆ ಜಾಸ್ತಿ ಚಿಂತೆ ಹಗ್ಗದ್ದೇ. ಹೊಲಿಗೆ ಅಲ್ಲಲ್ಲಿ ಸಡಿಲವಾಗಿದೆ, ಬಿಗಿಯಲು ಬಲ್ಲವರು ಸಿಗುತ್ತಿಲ್ಲ. ಮಳೆಗೆ ಮೊದಲು ದಡಕ್ಕೆಳೆದು ಗೇರುಸಿಪ್ಪೆಯ ಎಣ್ಣೆಯನ್ನೂ ಬಳಿಸಬೇಕು. ನೀಲೇಶ್ವರ, ಚೆರುವತ್ತೂರು ಕಡೆ ಈ ಕೆಲಸ ಗೊತ್ತಿರುವ ಹಿರಿಯರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.